ಎರಡೂ ಕಡೆ ಕಟ್ಟಿದ ಮೀಸೆ

ಒಂದು ಕಡೆ ಗಟ್ಟಿಯಾಗಿ ನಿಲ್ಲುವ ಧೈರ್ಯ ನನಗೆ ಹುಟ್ಟಿನಿಂದಲೇ ಇಲ್ಲ. ಹೋಟೆಲಿನಲ್ಲಿ ಇಡ್ಲಿ ಹೇಳಿ, ಪಕ್ಕದವನ ದೋಸೆ ನೋಡಿ ಕಸಿವಿಸಿಪಟ್ಟು, ಕೊನೆಗೆ ಎರಡನ್ನೂ ತಿಂದು ಹೊಟ್ಟೆ ಕೆಡಿಸಿಕೊಳ್ಳುವ ಪೈಕಿ ನಾನು. ಬಸ್ಸಿನಲ್ಲಿ ಬಿಸಿಲು ಬೀಳುವುದೆಂದು ಎಡಗಡೆಯಿಂದ ಬಲಗಡೆಗೆ ಹೋಗುತ್ತೇನೆ. ಬಸ್ಸು ತಿರುವು ತೆಗೆದುಕೊಳ್ಳುತ್ತದೆ. ಮತ್ತೆ ಎಡಗಡೆಗೆ ಬರುವಷ್ಟರಲ್ಲಿ ಅಲ್ಲಿ ಇನ್ನೊಬ್ಬ ಕೂತಿರುತ್ತಾನೆ. ಇಂಥವನು ಜನ್ಮದಲ್ಲಿ ಬಾಜಿ ಕಟ್ಟಬಾರದು. ಕಟ್ಟಿದೆ. ಅದೂ ಮೀಸೆಯನ್ನು.

ಹೊಸೂರಿನಲ್ಲಿ ಕಾರ್ಖಾನೆಗಳು ಒಂದೊಂದಾಗಿ ತಲೆಯೆತ್ತುತ್ತಿದ್ದ ಕಾಲ. ನಾನು ಬಾಗಲೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಅಂಥದೊಂದರಲ್ಲಿ ಫಿಟ್ಟರ್ ಕೆಲಸ ಮಾಡುತ್ತಿದ್ದೆ. ಹೆಂಡತಿ ಜಯಮ್ಮನ ತವರು ತಳಿ. ವರ್ಷಕ್ಕೊಮ್ಮೆ ಈ ಎರಡು ಊರಿನ ಹುಡುಗರಿಗೆ ಕಬಡ್ಡಿ ಪಂದ್ಯ. ಎರಡೂ ತಂಡ ಸರಿಸಮ. ಗೆದ್ದವರು ಗೆಲ್ಲುತ್ತಿದ್ದದ್ದು ಒಂದೇ ಒಂದು ಅಂಕದಲ್ಲಿ. ಇಂಥ ಪಂದ್ಯಕ್ಕೆ ದುಡ್ಡು ಕಟ್ಟುವುದು ನಮ್ಮ ಕಡೆ ಅಗ್ಗದ ಕೆಲಸ. ಗಂಡಸಾದವನು ಮೀಸೆ ಕಟ್ಟಬೇಕು.

ಮಾವನ ಮನೆಯಲ್ಲಿ ಮುದ್ದೆ ನುಂಗುತ್ತಿದ್ದಾಗ ಬಾಮೈದ ಮುನಿರಾಜು ಶುರು ಮಾಡಿದ. "ಭಾವ, ಈ ಸಲ ನಿಮ್ಮೂರು ಮಣ್ಣು ಮುಕ್ಕೋದೇಯ. ನಾವ್ ಸೋತ್ರೆ ನನ್ ಮೀಸೆ ಬೋಳಿಸ್ಕೊಂತೀನಿ. ನೀವ್ ಸೋತ್ರೆ ನಿಮ್ದು. ಏನಂತೀರಾ?" ಅತ್ತೆ, ನಾದಿನಿಯರು, ಪಕ್ಕದ ಮನೆಯವರು, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಗಂಟಲಲ್ಲಿದ್ದ ಮುದ್ದೆಯ ಜೊತೆಗೇ "ಆಗ್ಲಿ" ಎಂದುಬಿಟ್ಟೆ.

ವಾಪಸು ಬರುವ ಬಸ್ಸು ಊರು ದಾಟುವ ಮೊದಲೇ ಒಪ್ಪಿದ್ದು ತಪ್ಪಾಯಿತೆನ್ನಿಸಿತು. ಮೀಸೆ ಹೋದರೆ ಹೋಗಲಿ, ಕೂದಲು ಬೆಳೆಯುತ್ತದೆ. ಆದರೆ ನಮ್ಮಲ್ಲಿ ಗಂಡುಮಗ ಮೀಸೆ ತೆಗೆಸುವುದು ಅಪ್ಪ ಸತ್ತಾಗ. ನನ್ನಪ್ಪ ಬದುಕಿದ್ದರು. ಬದುಕಿದ್ದರೆಂದರೆ, ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಮಲಗಿ ಎದ್ದು, ಈಗಷ್ಟೇ ಮನೆಗೆ ಬಂದು, ಜಗಲಿಯ ಮೇಲೆ ಕೂತು ಕಾಫಿ ಕುಡಿಯುವಷ್ಟಾಗಿದ್ದರು. ಅವರೆದುರು ಬೋಳು ಮೂತಿ ಹೊತ್ತು ಹೋಗಿ ನಿಲ್ಲುವುದೇ? ನೆನೆದರೆ ನಿಜವಾಗಿಯೂ ಭಯವಾಗುತ್ತಿತ್ತು. ಲೇತ್ ಮುಂದೆ ನಿಂತರೂ ಕೈ ಮೀಸೆಯ ಮೇಲೆಯೇ ಹೋಗುತ್ತಿತ್ತು. ಅಲ್ಲಿಗೂ ಗ್ರೀಸು ಹತ್ತಿತು.

ನನ್ನ ಚಡಪಡಿಕೆ ನೋಡಲಾರದೆ, ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ರಾಯಕೋಟೆಯ ಮುರುಗೇಶ ವಿಷಯ ಏನೆಂದು ಕೇಳಿದ. ಅವನು ಬೆಂಗಳೂರಿನ ಕುದುರೆ ರೇಸು ಕಂಡವನು. "ಇದಕ್ಯಾಕೆ ಇಷ್ಟು ಯೋಚ್ನೆ? ಎರಡು ಕಡೇನೂ ಕಟ್ಟಿಬಿಡು. ಒಣ್ಣು ಪೋನಾ ಇನ್ನೊಣ್ಣು ವರುಂ," ಎಂದ. ಒಂದು ಹೋದರೆ ಇನ್ನೊಂದು ಬರುತ್ತದೆ! ಈ ಮಾತಿನಲ್ಲಿ ಎಷ್ಟು ನೆಮ್ಮದಿ ಇತ್ತೆಂದರೆ, ಮೀಸೆ ಬಿಟ್ಟು ಉಳಿದೆಲ್ಲದಕ್ಕೂ ಅದು ಸರಿಹೋಗುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಅವತ್ತೇ ಸಂಜೆ ನಮ್ಮೂರಿನ ಹಿಟ್ಟಿನ ಮಿಷನ್ನಿನ ಚಿನ್ನಪ್ಪನ ಹತ್ತಿರ ಹೋಗಿ, ತಳಿಯವರೇ ಗೆಲ್ಲುವುದೆಂದು ಮೀಸೆ ಕಟ್ಟಿದೆ. ಹಿಟ್ಟು ಮೆತ್ತಿದ ರೆಪ್ಪೆಯೆತ್ತಿ ಚಿನ್ನಪ್ಪ ನನ್ನನ್ನು ನೋಡಿದ. "ಯಾಕ್ಲಾ, ಹೆಂಡ್ತಿ ಊರಿನ್ ಸೊಪ್ಪು ತಿಂದು ಅತ್ಲಾಗೇ ಹೋಗ್ಬುಟ್ಟಾ? ಆಯ್ತು ಬುಡು, ಗೆಲ್ಲೋದು ನಾವೇ. ನಿನ್ ಮೀಸೆ ನನ್ಗೆ ಬತ್ತದೆ." ನಾನು ಗುಟ್ಟಾಗಿಡು ಎಂದು ಕೈಮುಗಿದು ಬಂದು, ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ಉಂಡೆ.

ಪಂದ್ಯದ ದಿನ ಬೆಳಿಗ್ಗೆ ಕನ್ನಡಿ ಮುಂದೆ ಮೀಸೆ ಬಾಚಿಕೊಳ್ಳುತ್ತಾ, ನನ್ನ ಜಾಣತನವನ್ನು ಜಯಮ್ಮನಿಗೆ ಬಿಡಿಸಿ ಹೇಳಿದೆ. ಅವಳು ಹೂ ಕಟ್ಟುವುದನ್ನು ನಿಲ್ಲಿಸಿ ಕೇಳಿದಳು. "ಅಲ್ಲಾ ಕಣ್ರೀ, ತಳಿ ಗೆದ್ರೆ ನಮ್ ಮುನಿರಾಜಂಗೆ ಬೋಳಿಸ್ಕೊಬೇಕು. ಬಾಗಲೂರು ಗೆದ್ರೆ ಚಿನ್ನಪ್ಪಣ್ಣಂಗೆ ಬೋಳಿಸ್ಕೊಬೇಕು. ನಿಮ್ಗೆ ಮೀಸೆ ಎಷ್ಟೈತೆ?"

ಬಾಚಣಿಗೆ ಕೈಯಲ್ಲೇ ನಿಂತಿತು. "ಒಂದು ಗೆದ್ದೇ ಗೆಲ್ತೀನಲ್ಲ!" ಎಂದೆ.

"ಗೆದ್ರೆ? ಚಿನ್ನಪ್ಪಣ್ಣನ್ ಮೀಸೆ ತಂದು ನಿಮ್ಗೆ ಅಂಟಿಸ್ತಾರಾ?"

ಇನ್ನು ಉಳಿದಿದ್ದ ದಾರಿ ಒಂದೇ: ಪಂದ್ಯ ಸಮ ಆಗಬೇಕು. ತಳಿಯ ಶಾಲೆ ಬಯಲಿನಲ್ಲಿ ಅವತ್ತು ನಾನು ಪಟ್ಟ ಪಾಡು ಆಡುವ ಹುಡುಗರೂ ಪಟ್ಟಿರಲಾರರು. ಬಾಗಲೂರು ಮುಂದಾದರೆ ತಳಿಗೆ ಕೂಗಿದೆ. ತಳಿ ಮುಂದಾದರೆ ಎದ್ದು ಆಚೆ ಬದಿಗೆ ಓಡಿ ಬಾಗಲೂರಿಗೆ ಕೂಗಿದೆ. ನನ್ನ ಗಂಟಲು ಎರಡೂ ಊರಿಗೆ ಸಮವಾಗಿ ಕಟ್ಟಿತು. ಕೂತಲ್ಲಿ ಕೂರಲಾರದೆ, ಯಾರದೋ ಕಡಲೆಕಾಯಿ ಪೊಟ್ಟಣವನ್ನೆಲ್ಲ ತಿಂದುಹಾಕಿದ್ದೆ. ಕೊನೆಗೆ ತಳಿ ಒಂದಂಕ ಮುಂದಿದ್ದಾಗ ನಮ್ಮೂರ ಹುಡುಗ ಉಸಿರು ಕಟ್ಟಿ ಆ ಕಡೆ ನುಗ್ಗಿ, ಒಬ್ಬನೇ ಒಬ್ಬನ ಕಾಲು ಮುಟ್ಟಿ, ಗೆರೆಯ ಮೇಲೆ ಬಿದ್ದ. ಸೀಟಿ ಆಯಿತು. ಅಂಕ ಸಮ!

ಎರಡೂ ಊರಿನವರು ಜೋಲು ಮುಖ ಹಾಕಿಕೊಂಡು ನಿಂತಿದ್ದರು. ಇಡೀ ಬಯಲಿನಲ್ಲಿ ಟವೆಲ್ ಬೀಸುತ್ತಾ ಕುಣಿಯುತ್ತಿದ್ದವನು ನಾನೊಬ್ಬನೇ. ಅಲ್ಲಿಯೇ ಎಡವಟ್ಟಾಯಿತು. ಮುನಿರಾಜು ಈ ಕಡೆಯಿಂದ ಬಂದ, ಚಿನ್ನಪ್ಪ ಆ ಕಡೆಯಿಂದ ಬಂದ. "ಸಮ ಆದ್ರೆ ನಿಂಗ್ಯಾಕ್ಲಾ ಇಷ್ಟು ಖುಷಿ?" ಎಂದು ಚಿನ್ನಪ್ಪ ಕೇಳಿದ. "ನನ್ ಮೀಸೆ ಉಳೀತಲ್ಲ" ಎಂದೆ. "ಅದನ್ನ ಭಾವ ನನ್ಗೆ ಕಟ್ಟಿದ್ದು," ಎಂದ ಮುನಿರಾಜು. "ನನ್ಗೆ ಕಣಯ್ಯಾ," ಎಂದ ಚಿನ್ನಪ್ಪ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಆಮೇಲೆ ನನ್ನನ್ನು ನೋಡಿದರು.

ಎಷ್ಟೋ ವರ್ಷಗಳಿಂದ ಗೆರೆ ಮುಟ್ಟಿದ, ಮುಟ್ಟಲಿಲ್ಲ ಎಂಬುದರಲ್ಲೂ ಒಂದಾಗದಿದ್ದ ಎರಡು ಊರುಗಳು ಅವತ್ತು ಒಂದಾದವು. ಇದು ಎರಡೂ ಊರಿಗೆ ಮಾಡಿದ ಮೋಸ. ಆದ್ದರಿಂದ ಎಡಗಡೆಯದು ತಳಿಗೆ, ಬಲಗಡೆಯದು ಬಾಗಲೂರಿಗೆ. ಹುಣಸೆಮರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡಿದ್ದ ಕ್ಷೌರಿಕ ಎರಡು ಊರಿನ ಜನರ ಮುಂದೆ ನ್ಯಾಯವಾಗಿ ನಡುವಿಗೆ ಗೆರೆ ಹಾಕಿ ಕೆಲಸ ಮುಗಿಸಿದ.

ಊರಿಗೆ ಬಂದಿಳಿದಾಗ ಮೂತಿಗೆ ಟವೆಲ್ ಒತ್ತಿಕೊಂಡಿದ್ದೆ. ಎದುರಿಗೆ ಸಿಕ್ಕ ಅಪ್ಪನ ತಂಗಿ ವೆಂಕಟಮ್ಮತ್ತೆ, ಹಲ್ಲುನೋವೇ ಎಂದು ಕೇಳುತ್ತಾ ಟವೆಲ್ ಎಳೆದರು. ನೋಡಿದವರೇ "ಅಯ್ಯೋ ನಮ್ಮಣ್ಣಾ!" ಎಂದು ಎದೆ ಬಡಿದುಕೊಂಡು ನಮ್ಮ ಮನೆಯತ್ತ ಓಡಿದರು. ಅವರ ಹಿಂದೆ ಬೀದಿಯೇ ಓಡಿತು. ಎಲ್ಲರ ಹಿಂದೆ ನಾನು.

ಅಪ್ಪ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದರು. ಅಳುತ್ತಿದ್ದವರನ್ನೆಲ್ಲ ಒಮ್ಮೆ ನೋಡಿ, "ಯಾರ್ರವ್ವಾ ಹೋಗಿದ್ದು?" ಎಂದರು. ಅತ್ತೆ ಅಳು ನುಂಗಿ ನನ್ನ ಕಡೆ ಬೆರಳು ತೋರಿಸಿದರು. ನಾನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕೃಷ್ಣಗಿರಿಯಿಂದ ಬಂದ ಮೇಲೆ ಮೊದಲನೆಯ ಸಲ, ಕೆಮ್ಮು ಬರುವವರೆಗೂ ನಕ್ಕರು. ನನಗೆ ಕಣ್ಣಲ್ಲಿ ನೀರು ಬಂತು. ನಾಚಿಕೆಗೋ ಸಂತೋಷಕ್ಕೋ, ಆ ವಿಷಯದಲ್ಲೂ ಒಂದು ಕಡೆ ನಿಲ್ಲಲಾಗಲಿಲ್ಲ. ಕೆಮ್ಮು ನಿಂತ ಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು. "ನಾನು ಆಸ್ಪತ್ರೇಲಿದ್ದಾಗ ನನ್ ಮೇಲೂ ಏನಾರ ಕಟ್ಟಿದ್ದೇನ್ಲಾ?"

"ಇಲ್ಲಪ್ಪ, ದೇವರಾಣೆ!" ಎಂದೆ.

"ಯಾವ್ ದೇವ್ರು?" ಎಂದರು. "ಒಂದೇ ದೇವ್ರ ಹೆಸರು ಹೇಳು."