ನಮ್ಮ ಓಣಿಗೆ ಬಾರದ ಬಸ್ಸು

ಜನ ತಮ್ಮ ಮಾತು ಕೇಳುತ್ತಾರೆ ಎಂಬ ಭ್ರಮೆ ಶಾಲೆಯಲ್ಲಿ ಪಾಠ ಹೇಳಿದವರಿಗೆ ಬರುವಷ್ಟು ಗಟ್ಟಿಯಾಗಿ ಬೇರೆ ಯಾರಿಗೂ ಬರಲಾರದು. ಮೂವತ್ತು ವರ್ಷ ನನ್ನೆದುರು ಕೂತವರಿಗೆ ಎದ್ದು ಹೋಗುವ ಸ್ವಾತಂತ್ರ್ಯ ಇರಲಿಲ್ಲ ಎಂಬ ಸಣ್ಣ ವಿಷಯ ನನಗೆ ಹೊಳೆದದ್ದು ನಿವೃತ್ತಿಯಾದ ಮೇಲೆ, ಅದೂ ಪುರಸಭೆ ಚುನಾವಣೆಗೆ ನಿಂತು ಠೇವಣಿ ಕಳೆದುಕೊಂಡ ಮೇಲೆ.

ಊರಿನ ಹೆಸರು ಬೇಡ. ಅಲ್ಲಿಂದ ಕೊಪ್ಪಳಕ್ಕೆ, ಗಂಗಾವತಿಗೆ, ಕುಷ್ಟಗಿಗೆ ಬಸ್ಸು ಸಿಗುತ್ತದೆ; ನಮ್ಮ ಓಣಿಗೆ ಮಾತ್ರ ಸಿಗುವುದಿಲ್ಲ. ಬಸ್ಸುಗಳೆಲ್ಲ ಊರ ಹೊರಗಿನ ಬೈಪಾಸಿನಲ್ಲಿ ಜನರನ್ನು ಇಳಿಸಿ ಹೋಗಿಬಿಡುತ್ತವೆ. ಅಲ್ಲಿಂದ ಬಿಸಿಲಲ್ಲಿ ನಡೆಯಬೇಕು, ಇಲ್ಲವೇ ತುಂಬಿ ತುಳುಕುವ ಟಂಟಂ ಆಟೋದ ಹಿಂದೆ ಜೋತಾಡಬೇಕು. ಇದೇ ಕಾರಣಕ್ಕೆ ನಾಲ್ಕಾರು ಹುಡುಗಿಯರನ್ನು ಮನೆಯವರು ಕಾಲೇಜು ಬಿಡಿಸಿದ್ದರು. ಅವರಲ್ಲಿ ಇಬ್ಬರಿಗೆ ಅಕ್ಷರ ಕಲಿಸಿದವಳು ನಾನು. ಇನ್ನು ಓಣಿಯ ಚರಂಡಿ. ಅದನ್ನು ಪ್ರತಿ ವರ್ಷ ಒಡೆಯುತ್ತಾರೆ, ಪ್ರತಿ ವರ್ಷ ಹೊಸದಾಗಿ ಕಟ್ಟುತ್ತಾರೆ. ನಮ್ಮ ಓಣಿಯಲ್ಲಿ ವಯಸ್ಸಾಗದೇ ಇರುವುದು ಅದೊಂದೇ. ಒಡೆದ ಕಲ್ಲುಮಣ್ಣನ್ನೆಲ್ಲ ತಂದು ಸುರಿಯುವುದು ಓಣಿಯ ತುದಿಯಲ್ಲಿರುವ ಹಳೆಯ ಮೆಟ್ಟಿಲು ಬಾವಿಗೆ. ಬಾವಿ ಪೂರ್ತಿ ತುಂಬಿದ ದಿನ ಅದರ ಮೇಲೆ ಅಂಗಡಿಗಳ ಕಾಂಪ್ಲೆಕ್ಸು ಏಳುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಚರಂಡಿಯ ದುಡ್ಡಿನಲ್ಲಿ ಓಣಿಗೆ ರಸ್ತೆ ಅಗಲ ಮಾಡಿ ಬಸ್ಸು ತರಬಹುದು, ಬಾವಿಯನ್ನೂ ಉಳಿಸಬಹುದು ಎಂದು ನಾನು ಕೂತು ಲೆಕ್ಕ ಹಾಕಿದೆ. ಅದು ಎಷ್ಟು ಸರಳವಾಗಿತ್ತೆಂದರೆ, ಇದನ್ನು ಯಾರೂ ಒಪ್ಪದೇ ಇರಲಾರರು ಅನ್ನಿಸಿತು. ಆ ಸಲ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ನಾನು ಪಕ್ಷೇತರಳಾಗಿ ಅರ್ಜಿ ಹಾಕಿದೆ.

ನಮ್ಮ ಯಜಮಾನರು ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು. ಯಾವುದಕ್ಕೂ ಬೇಡ ಅನ್ನುವ ಜಾಯಮಾನದವರಲ್ಲ. "ನಿಂದ್ರು, ನನ್ನದೇನೂ ತಕರಾರಿಲ್ಲ. ಆದ್ರ ಮಂದಿ ಮನಿಗೆ ಹೋದಾಗ ಕೈಯಾಗ ಚಾಕ್‌ಪೀಸ್ ಐತೆನ್ನೋಹಂಗ ಮಾತಾಡಬ್ಯಾಡ" ಎಂದರು. ಈ ಮಾತು ಅವತ್ತು ನನಗೆ ಕುಹಕವಾಗಿ ಕೇಳಿಸಿತು. ಎರಡು ದಿನ ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಚಿಹ್ನೆಯಿಂದಲೇ ಗ್ರಹಚಾರ ಶುರುವಾಯಿತು. ನಾನು ಬಸ್ಸಿನ ಚಿತ್ರ ಕೇಳಿದೆ. ಪಟ್ಟಿಯಲ್ಲಿ ಅದಿಲ್ಲವೆಂದು ಹೊಲಿಗೆ ಯಂತ್ರ ಕೊಟ್ಟರು. ಮನೆಮನೆಗೆ ಹೋಗಿ ಚೀಟಿ ಹಂಚುವಾಗ ಹೆಂಗಸರೆಲ್ಲ ನಗುನಗುತ್ತಾ ಬರಮಾಡಿಕೊಂಡರು, ಚಹಾ ಕೊಟ್ಟರು, ಅಕ್ಕೋರು ಗೆಲ್ಲಲೇಬೇಕು ಎಂದರು; ನಮ್ಮ ಕಡೆ ಟೀಚರನ್ನು ಕರೆಯುವುದು ಹಾಗೆ. ಎದೆ ಉಬ್ಬಿತು. ನಾಲ್ಕನೆಯ ದಿನ ಒಬ್ಬಳು ಬಾಗಿಲ ಮರೆಗೆ ಕರೆದು, "ಅಕ್ಕೋರ, ಹೊಲಿಗಿ ಮಿಷನ್ ನೀವು ಆರಿಸಿ ಬರೋಕ್ಕಿಂತ ಮೊದಲ ಕೊಡ್ತೀರೋ, ಆಮ್ಯಾಲೋ?" ಎಂದು ಕೇಳಿದಾಗ ನನಗೆ ಆ ಉಪಚಾರದ ಅರ್ಥ ತಿಳಿಯಿತು. ಇದು ಬರೀ ಗುರುತು, ಯಾರಿಗೂ ಯಂತ್ರ ಕೊಡುವುದಿಲ್ಲ ಎಂದು ಮತ್ತೆ ಎಲ್ಲ ಮನೆಗೂ ಹೋಗಿ ತಿಳಿಸಿ ಹೇಳಿದೆ. ಎರಡನೆಯ ಸುತ್ತಿನಲ್ಲಿ ಚಹಾ ಬರಲಿಲ್ಲ.

ಬಾವಿಯ ಬಗ್ಗೆ ನನ್ನ ಭಾಷಣ ಚೆನ್ನಾಗಿತ್ತು. ಬಾವಿಕಟ್ಟೆಯ ಮುಂದೆಯೇ ನಿಂತು, ಹಿರಿಯರ ಬೆವರು, ಕಲ್ಲಿನ ಕೆಲಸ, ಅಂತರ್ಜಲ ಎಂದೆಲ್ಲ ಹೇಳಿದೆ; ಚರಂಡಿಯ ದುಡ್ಡಿನಲ್ಲಿ ಬಸ್ಸು ತರುವ ಲೆಕ್ಕವನ್ನೂ ಬಿಡಿಸಿಟ್ಟೆ. ಕಟ್ಟೆಯ ಮೇಲೆ ಕೂತಿದ್ದ ಪಾರಮ್ಮಜ್ಜಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನಿಧಾನವಾಗಿ, "ಯವ್ವಾ, ನೀ ಈ ಬಾವಿ ನೀರು ಎಷ್ಟು ವರ್ಷ ಹೊತ್ತಿ?" ಎಂದಳು. ನಾನು ಈ ಓಣಿಗೆ ಬಂದಾಗಲೇ ನಲ್ಲಿ ಇತ್ತು. "ನಾ ಬಸರಿದ್ದಾಗೂ ಹೊತ್ತೀನಿ, ಬಾಣಂತಿದ್ದಾಗೂ ಹೊತ್ತೀನಿ. ಆ ಪಾವಟಿಗಿ ಏರಿ ಏರಿ ನನ್ನ ಮೊಣಕಾಲು ಹೋಗ್ಯಾವ. ಇದನ್ನ ಮುಚ್ಚೂದಾದ್ರ ಮೊದಲನೇ ಕಲ್ಲು ನಾನ ಒಗೀತೀನಿ" ಎಂದಳು. ಸೇರಿದ್ದ ಹತ್ತಿಪ್ಪತ್ತು ಜನ ಚಪ್ಪಾಳೆ ತಟ್ಟಿದರು. ನನ್ನ ಪ್ರಚಾರದಲ್ಲಿ ಬಿದ್ದ ಚಪ್ಪಾಳೆ ಅದೊಂದೇ.

ನನ್ನ ಹಳೆಯ ವಿದ್ಯಾರ್ಥಿಗಳೇ ಓಣಿಯಲ್ಲಿ ಅರ್ಧಕ್ಕರ್ಧ ಇದ್ದರು, ಅದೇ ನನ್ನ ಧೈರ್ಯ. ಕಿರಾಣಿ ಅಂಗಡಿಯ ಶರಣಪ್ಪ ನನ್ನ ಕೈಯಲ್ಲಿ ಏಳು ವರ್ಷ ಕಲಿತವನು. ಅವನು ಅಂಗಡಿಯಿಂದ ಇಳಿದು ಬಂದು ಕುರ್ಚಿ ಹಾಕಿದ. "ನೀವು ಹೇಳೋದು ಒಂದೂ ಸುಳ್ಳಿಲ್ರಿ ಅಕ್ಕೋರ. ಆದ್ರ ನೀವು ಆರಿಸಿ ಬಂದ್ರ ನಾವು ಅಂಗಡಿ ಮುಂದ ಒಂದು ಡಬ್ಬಿ ಇಟ್ರೂ ಬೈತೀರಿ. ದಿನಾ ಪರೀಕ್ಷಿ ಬರೆದಂಗ ಆಕ್ಕೈತ್ರಿ ನಮಗ" ಎಂದ. ಅಷ್ಟು ಹೇಳುವಾಗಲೂ ಅವನು ಕೈಕಟ್ಟಿಕೊಂಡೇ ನಿಂತಿದ್ದ. ನನ್ನ ಬಗ್ಗೆ ಊರಿಗೆ ಇದ್ದದ್ದು ಗೌರವ ಎಂದು ತಿಳಿದಿದ್ದೆ. ಅದು ಹೆದರಿಕೆ ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ನನ್ನ ಎದುರಾಳಿ ಗಿರಿಜಾ. ಎದುರಾಳಿ ಅನ್ನುವುದು ಕಾಗದದ ಮೇಲಿನ ಮಾತು. ಅವಳ ಗಂಡ ಮಂಜುನಾಥನೇ ಪ್ರತಿ ವರ್ಷ ಚರಂಡಿ ಕಟ್ಟುವ ಗುತ್ತಿಗೆದಾರ. ಪೋಸ್ಟರಿನಲ್ಲಿ ಅವನ ಮುಖ ದೊಡ್ಡದು, ಮೂಲೆಯಲ್ಲಿ ಅವಳದು ಕೈಮುಗಿದ ಸಣ್ಣ ಚಿತ್ರ. ಪ್ರಚಾರಕ್ಕೆ ಬಂದಾಗ ಅವನು ಮಾತಾಡುತ್ತಿದ್ದ, ಅವಳು ಕಾರಿನಲ್ಲಿ ಕೂತಿರುತ್ತಿದ್ದಳು. ಅವನೂ ನನ್ನ ವಿದ್ಯಾರ್ಥಿಯೇ. ಲೆಕ್ಕದಲ್ಲಿ ಎರಡು ಸಲ ನಪಾಸು ಮಾಡಿದ್ದೆ. ಒಂದು ದಿನ ನಡುರಸ್ತೆಯಲ್ಲಿ ಎದುರಾದವನು ನಾಲ್ಕು ಜನರ ಮುಂದೆ ನನ್ನ ಕಾಲಿಗೆ ಬಿದ್ದು, "ಅಕ್ಕೋರ, ಆಶೀರ್ವಾದ ಮಾಡ್ರಿ" ಎಂದ. ಮೂವತ್ತು ವರ್ಷದ ಚಾಳಿ ನೋಡಿ, ಕೈ ತಾನಾಗಿಯೇ ಅವನ ತಲೆಯ ಮೇಲೆ ಹೋಯಿತು. "ಛಲೋ ಆಗ್ಲಿಪಾ" ಅಂದುಬಿಟ್ಟೆ. ಸಂಜೆಯೊಳಗೆ ಆ ಫೋಟೋ ಊರಿನ ಎಲ್ಲ ಮೊಬೈಲುಗಳಲ್ಲೂ ಇತ್ತು. ಅಕ್ಕೋರು ಚುನಾವಣೆಯಿಂದ ಹಿಂದೆ ಸರಿದಿದ್ದಾರೆ ಎಂದೇ ಬಹಳ ಜನ ನಂಬಿದರು. ಇಲ್ಲ ಎಂದು ನಾನು ಹೇಳಿದರೆ ನನಗೇ ಸಮಾಧಾನ ಹೇಳುತ್ತಿದ್ದರು.

ಗಿರಿಜಾ ಗೆದ್ದಳು; ಎಣಿಕೆಯ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನಗೆ ಓಟು ಹಾಕಿದವರೆಲ್ಲರನ್ನೂ ಎರಡು ಟಂಟಂಗಳಲ್ಲಿ ಕೂರಿಸಿ ಕುಷ್ಟಗಿ ತೋರಿಸಿಕೊಂಡು ಬರಬಹುದಿತ್ತು, ಯಾರೂ ಜೋತಾಡುವ ಪ್ರಮೇಯವಿಲ್ಲದೆ. ಮನೆಗೆ ಬಂದು ಮಲಗಿದವಳು ಮೂರು ದಿನ ಓಣಿಗೆ ಇಳಿಯಲಿಲ್ಲ. ಇಳಿದ ಮೇಲೂ ಯಾರ ಮುಖ ಕಂಡರೂ, ಇವನು ಹಾಕಿರಲಾರ, ಇವಳಂತೂ ಹಾಕಿಯೇ ಇಲ್ಲ ಎಂದು ಮನಸ್ಸು ತಾನೇ ಎಣಿಸುತ್ತಿತ್ತು. ಸಕ್ಕರೆ ತರಲು ಶರಣಪ್ಪನ ಅಂಗಡಿ ಬಿಟ್ಟು ದೂರದ ಅಂಗಡಿಗೆ ಹೋಗತೊಡಗಿದೆ.

ಎರಡು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಬಾಗಿಲು ತೆರೆದರೆ ಗಿರಿಜಾ, ಒಬ್ಬಳೇ, ನಡೆದುಕೊಂಡು ಬಂದಿದ್ದಳು. ಒಳಗೆ ಕರೆದೆ. ಕುರ್ಚಿಯ ತುದಿಯಲ್ಲಿ ಕೂತು ಸೆರಗು ಸರಿಪಡಿಸಿಕೊಂಡಳು.

"ಬರೋ ಸೋಮವಾರ ಪುರಸಭಿ ಮೀಟಿಂಗ್ ಐತ್ರಿ ಅಕ್ಕೋರ. ಬಸ್ಸಿನ ವಿಷಯ ನಾ ಎತ್ತಬೇಕಂತ ಮಾಡೀನಿ. ಹೆಂಗ ಕೇಳಬೇಕು, ಅರ್ಜಿ ಯಾರಿಗೆ ಬರೀಬೇಕು, ನನಗೊಂದೂ ತಿಳೀವಲ್ದು. ಹೇಳಿಕೊಡ್ರಿ."

"ನಿನಗ್ಯಾಕವಾ ಬಸ್ಸು? ಮನಿಯೊಳಗ ಕಾರ್ ಐತಲ್ಲ."

"ನನ್ನ ತಂಗಿ ಕಾಲೇಜು ಬಿಟ್ಟಿದ್ದು ಇದಕ್ಕ ರೀ. ನೀವು ಬಾವಿ ಮುಂದ ಮಾತಾಡಿದ್ದು ನಾ ಕಾರಿನೊಳಗ ಕುಂತು ಎಲ್ಲಾ ಕೇಳೀನಿ." ಆಮೇಲೆ ದನಿ ತಗ್ಗಿಸಿ ಹೇಳಿದಳು: "ಖರೇ ಹೇಳ್ತೀನ್ರಿ. ನಾ ನಿಮಗ ಓಟ್ ಹಾಕೀನಿ."

ಇದನ್ನು ಕೇಳಿ ನಾನು ಕರಗಬೇಕಿತ್ತು. ಬೇರೆಯವರು ಈ ಕತೆ ಬರೆದಿದ್ದರೆ ಕರಗಿಸಿಬಿಡುತ್ತಿದ್ದರು. ಆದರೆ ನನಗೆ ಬಂದದ್ದು ಉರಿ. ಇಡೀ ಓಣಿಯಲ್ಲಿ ನನ್ನ ಮಾತು ತಲೆಗೆ ಹೋದದ್ದು ನನ್ನನ್ನು ಸೋಲಿಸಿದವಳೊಬ್ಬಳಿಗೇ. ಈಗ ನನ್ನ ಬಸ್ಸನ್ನೂ ಇವಳೇ ತಂದು, ಅದರ ಮುಂದೆ ಇವಳ ಗಂಡ ನಿಂತು ರಿಬ್ಬನ್ ಕತ್ತರಿಸುವ ಚಿತ್ರ ಕಣ್ಣಮುಂದೆ ಬಂತು. "ನನಗ ಈ ವಾರ ಪುರುಸೊತ್ತಿಲ್ಲವಾ. ನಿಮ್ಮ ಮನಿಯೊಳಗ ತಿಳದವರು ಅದಾರ, ಅವರನ್ನ ಕೇಳು" ಎಂದೆ. ನಿವೃತ್ತಿಯಾದವಳ ಪುರುಸೊತ್ತು ಎಷ್ಟಿರುತ್ತದೆ ಎಂದು ಅವಳಿಗೂ ಗೊತ್ತಿತ್ತು. ನೀರು ಕುಡಿದು, ಬರ್ತೀನ್ರಿ ಎಂದು ಎದ್ದು ಹೋದಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಯಜಮಾನರು, "ಅರ್ಧಾ ತಾಸಿನ ಕೆಲಸ ಇತ್ತು" ಎಂದಷ್ಟೇ ಅಂದು ಪೇಪರು ಹಿಡಿದರು.

ಸೋಮವಾರದ ಸಭೆಯ ಸುದ್ದಿ ಪಕ್ಕದ ಮನೆಯಿಂದ ತಿಳಿಯಿತು. ಗಿರಿಜಾ ಎದ್ದು ನಿಂತು, ನಮ್ಮ ಓಣಿಗೆ ಬಸ್ಸು ಬೇಕು ಎಂದಳಂತೆ. ಯಾವ ದಾರಿ, ಎಷ್ಟು ಹೊತ್ತಿಗೆ, ಅರ್ಜಿ ಎಲ್ಲಿ ಎಂದು ಕೇಳಿದರಂತೆ. ಅದೊಂದೂ ಬರೆದುಕೊಂಡು ಬಂದಿಲ್ಲ ಎಂದಳಂತೆ. ಯಾರೋ ನಕ್ಕರಂತೆ. ಮುಂದಿನ ವಿಷಯಕ್ಕೆ ಹೋದರಂತೆ. ಅದು ನಮ್ಮ ಚರಂಡಿ, ಒಪ್ಪಿಗೆಯಾಯಿತು. ಇದನ್ನು ಕೇಳಿದಾಗ ಮೊದಲು ನಾನೂ ನಕ್ಕೆ. ಆಮೇಲೆ ಅವಳ ಮನೆಗೆ ಹೋಗೋಣವೆಂದು ಸೀರೆ ಬದಲಿಸಿದೆ. ಯಾವ ಮುಖದಿಂದ ಎಂದು ತಿಳಿಯದೆ ಮತ್ತೆ ಹಳೆಯದನ್ನೇ ಉಟ್ಟುಕೊಂಡೆ.

ಮೊನ್ನೆ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುತ್ತಿದ್ದೆ. ಬೈಪಾಸಿನ ಕಡೆ ಹೊರಟಿದ್ದ ಕಾಲೇಜು ಹುಡುಗಿಯೊಬ್ಬಳು ನಿಂತು, ಮುಖದ ಬೆವರು ಒರೆಸಿಕೊಂಡು, "ಅಕ್ಕೋರ, ನೀವು ಆರಿಸಿ ಬಂದಿದ್ರ ಇಷ್ಟೊತ್ತಿಗೆ ನಮಗ ಬಸ್ ಬರ್ತಿತ್ತಲ್ರಿ" ಎಂದಳು.

"ಹೌದವಾ, ಖಂಡಿತ ಬರ್ತಿತ್ತು" ಎಂದೆ. ನೋಡಿ, ದನಿ ಒಂದಿಷ್ಟೂ ನಡುಗಲಿಲ್ಲ. ಚುನಾವಣೆಗೆ ಮೊದಲೇ ಇಷ್ಟು ಸಲೀಸಾಗಿ ಸುಳ್ಳು ಹೇಳಲು ಬಂದಿದ್ದರೆ ಗೆದ್ದೇ ಬಿಡುತ್ತಿದ್ದೆನೋ ಏನೋ.