ಗಂಗವ್ವನ ಎರಡು ಅರ್ಜಿಗಳು

ನನಗೊಂದು ಚಟವಿದೆ. ಎಲೆ ಅಡಿಕೆ, ನಶ್ಯ, ಇಸ್ಪೀಟು ಯಾವುದೂ ಅಲ್ಲ. ಅಂಥದ್ದಾಗಿದ್ದರೆ ಹೆಂಡತಿ ಬೈದು ಬಿಡಿಸುತ್ತಿದ್ದಳು. ನನ್ನ ಕೈಗೆ ಪೆನ್ನು ಬಂತೆಂದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಲು ಆಗುವುದಿಲ್ಲ. ಸ್ವಲ್ಪ ಒಳ್ಳೆಯದನ್ನು ಬೆರೆಸದಿದ್ದರೆ ಸಮಾಧಾನವೇ ಇಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಾನು ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿದ್ದೆ. ಪೊಟ್ಟಣಗಳ ಮೇಲೆ ಹೆಸರು ಬರೆಯುವುದು ನನ್ನ ಕೆಲಸ. ‘ಬದನೆ’ ಎಂದಷ್ಟೇ ಬರೆ ಎಂದರೆ ‘ಉತ್ಕೃಷ್ಟ ಬದನೆ’ ಎಂದು ಬರೆದಿಟ್ಟು ಎಷ್ಟೋ ಸಲ ಬೈಸಿಕೊಂಡಿದ್ದೇನೆ.

ಅಕ್ಷರ ದುಂಡಗಿತ್ತು ಎಂಬ ಕಾರಣಕ್ಕೆ ಓಣಿಯವರೆಲ್ಲ ಕನ್ಯೆ-ವರದ ಕಾಗದಗಳನ್ನು ನನ್ನಿಂದಲೇ ಬರೆಸುತ್ತಿದ್ದರು. ಅದರಿಂದ ಚಟ ಇನ್ನಷ್ಟು ಬಲಿಯಿತು. ಗುತ್ತಲದ ಹುಡುಗನೊಬ್ಬನಿಗೆ ಹಳೆಯ ಸೈಕಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ‘ಸ್ವಂತ ವಾಹನವುಂಟು’ ಎಂದು ಬರೆದೆ. ಅಗಡಿಯ ಹುಡುಗಿಯೊಬ್ಬಳು ಬಾಯಿ ತೆರೆದರೆ ಓಣಿಯ ನಾಯಿಗಳೂ ಜಾಗ ಖಾಲಿ ಮಾಡುತ್ತಿದ್ದವು. ‘ಮಾತಿನಲ್ಲಿ ಬಲು ಚುರುಕು’ ಎಂದು ಬರೆದೆ. ಇವರಿಬ್ಬರೂ ಒಬ್ಬರಿಗೊಬ್ಬರು ಗಂಟುಬಿದ್ದು ಹಾವೇರಿಯಲ್ಲಿ ಲಗ್ನವೂ ಆಗಿಹೋಯಿತು. ಆ ವಾಹನವನ್ನು ನೋಡಿ ಹುಡುಗಿ ಏನೆಂದಳೋ ತಿಳಿಯದು. ನಾನಂತೂ ಒಂದು ವರ್ಷ ಹಾವೇರಿಯ ಕಡೆ ತಲೆ ಹಾಕಲಿಲ್ಲ.

ಈ ಚಟ ಒಬ್ಬ ಬಡ ಹೆಂಗಸಿನ ಒಲೆಯನ್ನೇ ಆರಿಸುವ ಮಟ್ಟಕ್ಕೆ ಬಂದದ್ದನ್ನು ಈಗ ಹೇಳಿಬಿಡುತ್ತೇನೆ. ನಮ್ಮ ಚಾಳಿನ ಕೊನೆಯ ಖೋಲಿಯಲ್ಲಿ ಗಂಗವ್ವ ಎಂಬ ವಿಧವೆ ಇದ್ದಳು. ಖಡಕ್ ರೊಟ್ಟಿ ಮಾಡಿ ಮಾರುವುದು ಅವಳ ಕಸುಬು. ಬೆಳಿಗ್ಗೆ ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೇ ನಾವೆಲ್ಲ ಏಳುತ್ತಿದ್ದೆವು. ಅವಳ ಬಾಗಿಲು ಗೊತ್ತಿಲ್ಲದ ಗಿರಾಕಿ ಸುತ್ತಲಿನ ನಾಲ್ಕು ಓಣಿಗಳಲ್ಲಿ ಇರಲಿಲ್ಲ. ಚಾಳಿನ ಒಡೆಯರು ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ. ನಾವೆಲ್ಲ ಅವರನ್ನು ಸಾಹುಕಾರ್ರು ಎನ್ನುತ್ತಿದ್ದೆವು. ಅವರಿಗೆ ಚೀಲ ಇಡಲು ಜಾಗ ಬೇಕಾಗಿತ್ತು. ಗಂಗವ್ವನ ಒಲೆಯ ಹೊಗೆಯಿಂದ ಗೋಡೆ ಕಪ್ಪಾಗಿದೆ, ಖೋಲಿ ಬಿಡಿಸಿಕೊಡಬೇಕು ಎಂದು ದಾವೆ ಹಾಕಿಬಿಟ್ಟರು. ಕೋರ್ಟಿನ ಸಮನ್ಸು ಹಿಡಿದುಕೊಂಡು ಗಂಗವ್ವ ನಮ್ಮ ಕಟ್ಟೆಗೆ ಬಂದಳು. ನಾನು ಓದಿ ಹೇಳಿದೆ. ಬರುವ ಸೋಮವಾರ ಹಾಜರಾಗಬೇಕಿತ್ತು. ವಕೀಲರಿಲ್ಲದೆ ನಿಂತರೆ ಖೋಲಿ ಹೋದಂತೆಯೇ.

“ಕೋರ್ಟಿನ್ಯಾಗ ಕಾನೂನು ನೆರವಿನ ಸಮಿತಿ ಅಂತ ಐತಂತ. ಇಲ್ಲದವರಿಗೆ ಪುಕ್ಕಟೆ ವಕೀಲರನ್ನ ಕೊಡತಾರಂತ, ರೇಡಿಯೋದಾಗ ಹೇಳಿದ್ರು” ಎಂದಳು ನನ್ನ ಹೆಂಡತಿ.

ಗಂಗವ್ವನಿಗೆ ನಂಬಿಕೆ ಬರಲಿಲ್ಲ. “ಪುಕ್ಕಟೆ ವಕೀಲರು ಪೂರಾ ವಾದಾ ಮಾಡತಾರೋ, ಅರ್ಧಕ್ಕ ಬಿಟ್ಟ ಹೋಗತಾರೋ ಯಕ್ಕಾ?” ಎಂದು ಕೇಳಿದಳು.

“ಅದು ನೀ ಹಾಕೋ ಅರ್ಜಿ ಮೇಲೆ ಇರತೈತಿ. ಅರ್ಜಿ ನಾ ಬರೀತೇನಿ” ಎಂದು ನಾನು ಪೆನ್ನಿಗೆ ಮಸಿ ತುಂಬಿದೆ. ತಹಶೀಲ್ದಾರ್ ಕಚೇರಿಗೆ ಅಲೆದು ಅವಳ ಆದಾಯದ ದಾಖಲೆಯನ್ನೂ ತಂದೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಬರೆಯಲು ಕೂತಾಗ ಮಾತ್ರ ಕೈ ತನ್ನ ಹಳೆಯ ದಾರಿ ಹಿಡಿಯಿತು. ‘ಅರ್ಜಿದಾರರು ಗೌರವಸ್ಥ ಮನೆತನದವರು. ಯಾರ ಮುಂದೆಯೂ ಕೈಯೊಡ್ಡಿದವರಲ್ಲ. ಸ್ವಂತ ಉದ್ಯೋಗವುಂಟು. ಬಂದವರಿಗೆ ಉಣಬಡಿಸದೆ ಕಳಿಸಿದವರಲ್ಲ. ಉಂಡುಟ್ಟು ಸುಖವಾಗಿರುವ…’ ಹೀಗೆ ಎರಡು ಪುಟ. ಓದಿ ಹೇಳಿದಾಗ ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನನ್ನ ಬಗ್ಗೆ ಯಾರೂ ಇಷ್ಟ ಚಲೋ ಮಾತು ಆಡಿರಲಿಲ್ರಿ ಅಣ್ಣಾರ” ಎಂದು ಕಾಗದವನ್ನು ಕಣ್ಣಿಗೊತ್ತಿಕೊಂಡಳು. ಇಂಥ ಅರ್ಜಿಯನ್ನು ಓದಿದವರು ಕರಗದಿರುತ್ತಾರೆಯೇ ಎಂದುಕೊಂಡು ಹೆಬ್ಬೆಟ್ಟು ಒತ್ತಿಸಿದೆ.

ಮರುದಿನ ಇಬ್ಬರೂ ಕೋರ್ಟಿಗೆ ಹೋದೆವು. ಸಮಿತಿಯ ಗುಮಾಸ್ತರು ಕನ್ನಡಕ ಏರಿಸಿ ಅರ್ಜಿ ಓದಿದರು. ಗಂಗವ್ವನನ್ನು ಮೇಲಿಂದ ಕೆಳಗೆ ನೋಡಿದರು. ಮತ್ತೆ ಓದಿದರು.

“ಈ ದಾಖಲಿ ಖರೇನೋ, ಈ ಅರ್ಜಿ ಖರೇನೋ? ದಾಖಲಿ ನೋಡಿದ್ರ ಈ ಅವ್ವಗ ನೆರವು ಬೇಕು. ಅರ್ಜಿ ನೋಡಿದ್ರ ಈಕೀನ ನಮ್ಮ ಸಮಿತಿಗೆ ನೆರವು ಕೊಡೂ ಹಂಗ ಅದಾಳ!” ಎಂದು ಅರ್ಜಿಯನ್ನು ಬದಿಗಿಟ್ಟರು. “ಸರಿಯಾಗಿ ಬರಸ್ಕೊಂಡ ಬರ್ರಿ. ಸೋಮವಾರಕ್ಕ ಉಳದದ್ದು ಎರಡ ದಿನ.”

ದಾರಿಯುದ್ದಕ್ಕೂ ಗಂಗವ್ವ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಹತ್ತೊಂಬತ್ತು ವರ್ಷದ ಒಲೆ ನನ್ನ ದುಂಡಗಿನ ಅಕ್ಷರದಿಂದ ಆರಿಹೋಗುತ್ತದಲ್ಲ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಗಂಗವ್ವ ಅನ್ನದಿದ್ದುದನ್ನೆಲ್ಲ ಮನೆಗೆ ಬಂದ ಮೇಲೆ ಹೆಂಡತಿ ಅಂದಳು.

“ಆಕೀಗೇನು ವರ ನೋಡಾಕ ಹೊಂಟೀರೇನು? ಇನ್ನೊಂದ ಕಾಗದ ತಗೀರಿ. ಈಗ ಬಡವಿ ಅಂತ ಬರೀರಿ.”

ನನ್ನ ಪೆನ್ನು ಅಲ್ಲಾಡಲಿಲ್ಲ. ಗಂಗವ್ವನಿಗೂ ಅದು ಒಪ್ಪಿಗೆಯಿಲ್ಲ. “ಬಡವಿ ಅಂತ ಬರೀಬ್ಯಾಡ್ರಿ. ಮಂದಿಗೆ ಗೊತ್ತಿದ್ದರ ಗೊತ್ತಿರಲಿ, ಕಾಗದದ ಮ್ಯಾಲೆ ಯಾಕ?” ಎಂದು ಮುಖ ತಿರುಗಿಸಿದಳು.

“ಆತು, ಬಡವಿ ಅನ್ನೂದ ಬ್ಯಾಡ. ನಿಂದು ಏನೈತಿ, ಅಷ್ಟ ಹೇಳವಾ” ಎಂದಳು ನನ್ನ ಹೆಂಡತಿ.

ಗಂಗವ್ವ ಒಂದೊಂದೇ ಬೆರಳು ಮಡಿಚುತ್ತ ಹೇಳಿದಳು: “ಒಂದ ಖೋಲಿ ಐತಿ. ಖೋಲ್ಯಾಗ ಒಂದ ಒಲಿ ಐತಿ. ಇವತ್ತಿನ ರೊಟ್ಟಿ ಇವತ್ತಿಗೆ ಆಗತೈತಿ. ಖೋಲಿ ಹೋದ್ರ ಒಲಿ ಹೋಗತೈತಿ, ಒಲಿ ಹೋದ್ರ ನಾ ಎಲ್ಲಿ ಕುಂದರ್ಲಿ?”

ನಾನು ಒಂದಕ್ಷರ ಸೇರಿಸದೆ ಅದನ್ನೇ ಬರೆದೆ. ಸೇರಿಸಬೇಕೆಂದು ಕೈ ತುಡಿಯುತ್ತಿತ್ತು, ಆದರೆ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಮರುದಿನ ಗುಮಾಸ್ತರು ಓದಿ ತಲೆಯಾಡಿಸಿ, ಅಲ್ಲೇ ಒಬ್ಬ ವಕೀಲರನ್ನು ಕರೆದು ಕಾಗದ ಅವರ ಕೈಗೆ ಕೊಟ್ಟರು.

ವಕೀಲರು ತೆಳ್ಳಗಿದ್ದರು, ಕೋಟು ಮಾಸಿತ್ತು. ಗಂಗವ್ವ ಅವರನ್ನೂ ಬಿಡದೆ, ಪೂರಾ ವಾದ ಮಾಡುತ್ತೀರೋ ಅರ್ಧವೋ ಎಂದು ಕೇಳಿಯೇಬಿಟ್ಟಳು. “ಪೂರಾ ಮಾಡತೇನವ್ವಾ” ಎಂದು ಅವರು ನಕ್ಕರು. ಸೋಮವಾರ ಹಾಜರಾಗಿ ಮೊದಲು ಗಡುವು ಪಡೆದರು. ಆಮೇಲೆ ಸಾಹುಕಾರ್ರನ್ನೂ ಅವರ ವಕೀಲರನ್ನೂ ಸಮಿತಿಯ ಖೋಲಿಗೆ ರಾಜಿ ಮಾತಿಗೆ ಕರೆಸಿದರು. ಬಾಡಿಗೆದಾರರನ್ನು ಬಿಡಿಸಲು ಕಾಯಿದೆ ಏನು ಕೇಳುತ್ತದೆ ಎಂಬುದನ್ನು ದನಿಯೇರಿಸದೆ ಹೇಳಿದರು. ಸಾಹುಕಾರ್ರು ಗೋಡೆಯ ಹೊಗೆಯನ್ನೇ ಹಿಡಿದು ಕೂತಿದ್ದರು.

“ಖೋಲ್ಯಾಗ ಏನ್ ಇಡಾವ್ರು ಸಾಹುಕಾರ್ರ?” ಎಂದು ನಮ್ಮ ವಕೀಲರು ಕೇಳಿದರು.

“ಮೆಣಸಿನಕಾಯಿ ಚೀಲಾ.”

“ಮೆಣಸಿನಕಾಯಿ ಚೀಲಕ್ಕ ಬೆಳ್ಳನ್ನ ಗೋಡಿ ಯಾಕ ಬೇಕ್ರಿ?”

ಸಾಹುಕಾರ್ರು ನಕ್ಕುಬಿಟ್ಟರು. ಅವರೇನೂ ಕೆಟ್ಟ ಮನುಷ್ಯರಲ್ಲ. ವಕೀಲರನ್ನು ಇಡುವ ಶಕ್ತಿ ಗಂಗವ್ವನಿಗಿಲ್ಲ ಎಂಬ ಧೈರ್ಯದಲ್ಲಿದ್ದರು, ಅಷ್ಟೆ. ಒಲೆಯ ಮೇಲೆ ತಗಡಿನ ಹೊಗೆಕೊಳವೆ ಹಾಕಿಸುವುದು, ಗಂಗವ್ವ ಅಲ್ಲೇ ಇರುವುದು ಎಂದು ರಾಜಿ ಬರೆದು ಇಬ್ಬರೂ ಒಪ್ಪಿದರು. ಆ ರಾತ್ರಿ ನಾನು ಎರಡು ವಾರದ ನಂತರ ಕಣ್ತುಂಬ ನಿದ್ದೆ ಮಾಡಿದೆ. ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳ ಕಿವಿಗೆ ಬಿದ್ದಾಗ ಎಷ್ಟು ಹಗುರಾಯಿತೆಂದರೆ, ಹಾಸಿಗೆಯಲ್ಲೇ ಕೂತು ನಗುತ್ತಿದ್ದೆನಂತೆ.

ಗಂಗವ್ವ ಮಾತ್ರ ಮತ್ತೊಮ್ಮೆ ಕೋರ್ಟಿಗೆ ಹೋಗಿ ನನ್ನ ಮೊದಲ ಅರ್ಜಿಯನ್ನು ಇಸಿದುಕೊಂಡು ಬಂದಳು. ಅದನ್ನು ದೇವರ ಪಟದ ಹಿಂದೆ ಇಟ್ಟಳು. “ಖರೇ ಕಾಗದ ಕೋರ್ಟಿನ್ಯಾಗಿರಲಿ ಅಣ್ಣಾರ, ಚಲೋ ಕಾಗದ ನನ್ನ ಕಡೆ ಇರಲಿ” ಎಂದಳು. ನಾನು ಉಬ್ಬಿಹೋದೆ.

ಉಬ್ಬಿದ್ದು ಬಹಳ ಹೊತ್ತು ಉಳಿಯಲಿಲ್ಲ. ಅದೇ ಸಂಜೆ ಹೆಂಡತಿ ಟ್ರಂಕಿನ ತಳದಿಂದ ಒಂದು ಹಳದಿಗಟ್ಟಿದ ಕಾಗದ ತೆಗೆದು ನನ್ನ ಮುಂದೆ ಹಿಡಿದಳು. ನಮ್ಮ ಮದುವೆಗೆ ಮುಂಚೆ ಕಾಗಿನೆಲೆಗೆ, ಅವಳ ಅಪ್ಪನಿಗೆ ಹೋದ ಕಾಗದ. ಅಕ್ಷರ ದುಂಡಗಿತ್ತು.

“‘ವಿಶಾಲವಾದ ಸ್ವಂತ ಮನೆ, ಮನೆಯ ಮುಂದೆ ಹೂದೋಟ.’ ಇಪ್ಪತ್ತೆರಡು ವರ್ಷಾತು, ಹುಡಕಾಕತ್ತೇನಿ. ಇಲ್ಲದವರಿಗೆ ಪುಕ್ಕಟೆ ವಕೀಲರನ್ನ ಕೊಡತಾರಲ್ಲ, ಇದರ ಮ್ಯಾಲೆ ದಾವೆ ಹಾಕಾಕ ಬರತೈತೇನು, ಕೇಳ್ಕೊಂಡ ಬರ್ರಿ.”

ನಾನು ನಮ್ಮ ಎರಡು ಖೋಲಿಗಳನ್ನೂ, ಎಣ್ಣೆ ಡಬ್ಬಿಯಲ್ಲಿದ್ದ ತುಳಸಿಗಿಡವನ್ನೂ ನೋಡಿದೆ. ಗಂಗವ್ವನ ದಾರಿಯೇ ಲೇಸೆಂದು ಒಂದು ಹಾಳೆ ತೆಗೆದುಕೊಂಡು ನನ್ನ ಜವಾಬು ಬರೆದೆ: ‘ಖೋಲಿ ಎರಡು, ಎರಡೂ ಬಾಡಿಗೆಯವು. ಹೂದೋಟ ಡಬ್ಬಿಯಲ್ಲಿದೆ. ಹೆಂಡತಿ ಒಬ್ಬಳು.’ ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಕೈ ಕೇಳಲಿಲ್ಲ; ‘ಹೆಂಡತಿ’ಯ ಮುಂಚೆ ‘ಉತ್ಕೃಷ್ಟ’ ಎಂದು ಸೇರಿಸಿಬಿಟ್ಟೆ.

ಅವಳು ಓದಿದಳು. ಎರಡೂ ಕಾಗದಗಳನ್ನು ಕೂಡಿಸಿ ಮಡಿಚಿ ಟ್ರಂಕಿಗೆ ಹಾಕಿ, ನಗು ತಡೆದುಕೊಳ್ಳುತ್ತ ಹೇಳಿದಳು: “ನಮ್ಮಪ್ಪನೂ ಪೊಟ್ಟಣದ ಮ್ಯಾಲಿನ ಅಕ್ಷರ ನೋಡೇ ಬೀಜ ತಗೊಂಡಾ.”