ಮಾತು ಕೇಳುವ ಮನೆ

ನಿವೃತ್ತಿಯಾದ ಗಂಡಸಿನ ಕೈಗೆ ಸ್ಕ್ರೂಡ್ರೈವರ್ ಸಿಗಬಾರದು ಅಂತ ನನ್ನ ಹೆಂಡತಿ ಹೇಳುತ್ತಾಳೆ. ನನಗದು ಸಿಕ್ಕಿಬಿಟ್ಟಿದೆ. ಹೀಗಾಗಿ ನಮ್ಮ ಮನೆಯಲ್ಲಿ ಒಂದಿಲ್ಲೊಂದು ಫಜೀತಿ ನಡೆದೇ ಇರುತ್ತದೆ, ನಗುವುದಕ್ಕೆ ನಾವು ಹೊರಗೆ ಹೋಗಬೇಕಾದ ಪ್ರಸಂಗವೇ ಇಲ್ಲ.

ನಾನು ಕಾಲೇಜಿನಲ್ಲಿ ಕನ್ನಡ ವ್ಯಾಕರಣ ಹೇಳಿದವ. ಧಾತು, ಪ್ರತ್ಯಯ, ಸಮಾಸಗಳಾಚೆ ನಾನು ನಡೆಸಿದ ಯಂತ್ರವೆಂದರೆ ಸೀಮೆಸುಣ್ಣ ಒಂದೇ. ಅಂಥವನಿಗೆ ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಕಂಪ್ಯೂಟರ್ ಕೂಡಿಸಿ ಲೈಟು, ಫ್ಯಾನು, ಗೀಜರು, ಗೇಟು ಎಲ್ಲವೂ ಬಾಯಿಮಾತಿಗೆ ನಡೆಯುವಂತೆ ಮಾಡುವ ಹುಕಿ ಬಂತು. ಇಳಕಲ್ಲಿನಿಂದ ಒಬ್ಬ ಮಿಸ್ತ್ರಿ ಸಾಹೇಬರನ್ನು ಕರೆಸಿದೆ. ನನ್ನದೇ ವಯಸ್ಸು, ನನ್ನಷ್ಟೇ ಉತ್ಸಾಹ, ಮತ್ತು ಈ ವಿಷಯದಲ್ಲಿ ಹೆಚ್ಚೂಕಡಿಮೆ ನನ್ನಷ್ಟೇ ತಿಳಿವಳಿಕೆ.

"ಫಿಕರ್ ಮಾಡಬ್ಯಾಡ್ರಿ ಸರ್, ಇನ್ನಮ್ಯಾಲೆ ಈ ಮನಿ ನಿಮ್ಮ ಮಾತು ಕೇಳ್ತೈತಿ" ಅಂದರು.

"ಮಂದಿ ಅಂತೂ ಕೇಳಂಗಿಲ್ಲ, ಗ್ವಾಡಿಗೆರ ಕಲಿಸ್ರಿ" ಅಂದಳು ನನ್ನ ಹೆಂಡತಿ. ಆಮೇಲೆ ಸೆರಗು ಬಿಗಿದು ಕಟ್ಟಿಕೊಂಡು ಒಂದು ಕರಾರು ಹಾಕಿದಳು: "ಹುನಗುಂದದ ಬೀಗರು, ನಮ್ಮ ಮಗಳ ಅತ್ತಿ-ಮಾವ, ಮೊದಲ್ನೇ ಸಲ ಊಟಕ್ಕ ಬರಾವ್ರದಾರ. ಅವರ ಮುಂದ ಈ ಮನಿ ಏನರ ಹುಚ್ಚಾಟ ಮಾಡಿ ನನ್ನ ಮಾನ ಕಳೀತಂದ್ರ, ಮರುದಿನ ಮುಂಜಾನೆ ಎಲ್ಲಾ ಕಿತ್ತಿ ಗುಜರಿಗೆ ಹಾಕ್ತೇನಿ. ಕೇಳಿಸ್ತಿಲ್ಲೊ?"

ಕೇಳಿಸಿತು.

ಏನ್ರಿ

ಮಾತು ಕೇಳಿಸಿಕೊಳ್ಳುವ ಡಬ್ಬಿಗೆ ಒಂದು ಹೆಸರಿಡಬೇಕು, ಆ ಹೆಸರು ಹಿಡಿದು ಕರೆದರೆ ಮಾತ್ರ ಅದು ಓಗೊಡುತ್ತದೆ ಎಂದು ಮಿಸ್ತ್ರಿ ಹೇಳಿದರು. ಏನು ಇಡೋಣ ಅಂತ ಹೆಂಡತಿಯನ್ನು ಕೇಳಿದೆ.

"ಹೆಸರಿಡಾಕ ಅದನ್ನೇನು ನಾ ಹಡದೇನೇನು?" ಅಂದಳು.

ಅವಳ ಬಾಯಿಗೆ ರೂಢಿಯಾದ ಶಬ್ದವನ್ನೇ ಇಟ್ಟರೆ ತೊಂದರೆ ಇಲ್ಲ ಎಂದುಕೊಂಡು "ಏನ್ರಿ" ಅಂತ ಇಟ್ಟೆ. ನನ್ನನ್ನು ಕರೆಯುವುದೂ ಅದೇ ಅನ್ನುವುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಸಂಜೆ ಅಡಿಗೆಮನೆಯಿಂದ ಕೂಗಿದಳು: "ಏನ್ರಿ, ಹಾಲು ಒಡದೈತಿ, ಬ್ಯಾರೆ ತರ್ತೀರೇನು?"

ನಾನು ಪೇಪರು ಓದುತ್ತಿದ್ದೆ. ಡಬ್ಬಿ ಉತ್ತರ ಕೊಟ್ಟಿತು: "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳುವಿರಾ?"

ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಈಗ ಯಾರಂದ್ರು? ನೀವೇನು?"

"ನಾನಲ್ಲ, ಡಬ್ಬಿ."

"ಅದಕ್ಕ ಅಂದೆ! ಕ್ಷಮಿಸಿ ಅಂತ, ಅರ್ಥ ಆಗ್ಲಿಲ್ಲ ಅಂತ... ಮದುವಿಯಾಗಿ ಬಂದಾಗಿಂದ ಇವೆರಡೂ ಮಾತು ಈ ಮನಿ ಗಂಡಸರ ಬಾಯಾಗ ಒಮ್ಮಿನೂ ಕೇಳಿದ್ದಿಲ್ಲ ನೋಡ್ರಿ."

ಹಚ್ಚು

ಮರುದಿನ ಮಿಸ್ತ್ರಿ ಬಂದು ಹೆಸರಿನ ಉಸಾಬರಿಯನ್ನೇ ತೆಗೆದುಹಾಕಿದರು. ಹೆಸರು ಬೇಡ, ಬರೀ ಕೆಲಸದ ಶಬ್ದ ಹೇಳಿದರೆ ಸಾಕು. "ಹಚ್ಚು" ಅಂದರೆ ಹತ್ತಬೇಕು. ಇಂಥದ್ದು ಅಂತ ಹೇಳದಿದ್ದರೆ ಎಲ್ಲವೂ ಹತ್ತಬೇಕು. ಎಷ್ಟು ಸರಳ ಅನ್ನಿಸಿತು.

ಆದರೆ ನಮ್ಮ ಕಡೆ ಹಚ್ಚದೆ ಉಳಿದದ್ದು ಏನಿದೆ? ಮಧ್ಯಾಹ್ನ ಊಟಕ್ಕೆ ಕೂತಾಗ "ರೊಟ್ಟಿಗೆ ಬೆಣ್ಣಿ ಹಚ್ಚು" ಅಂದೆ. ಮನೆಯ ಅಷ್ಟೂ ಲೈಟು ಝಗ್ ಅಂದವು. "ಮೊಣಕಾಲಿಗೆ ಎಣ್ಣಿ ಹಚ್ಚಬೇಕ್ರಿ" ಅಂದಳು, ಗೀಜರು ಗುಂಯ್‌ಗುಟ್ಟಿತು. "ಮಗಳಿಗೊಂದು ಫೋನ್ ಹಚ್ಚು" ಅಂದರೆ ಟೀವಿಯಲ್ಲಿ ಭಜನೆ ಶುರುವಾಯಿತು. ಪಕ್ಕದ ಮನೆಯಾಕೆ ಮೊಮ್ಮಗನನ್ನು ಯಾವ ಶಾಲೆಗೆ ಹಚ್ಚಬೇಕು ಅಂತ ಕೇಳಲು ಬಂದಳು, ಫ್ಯಾನಿನ ಗಾಳಿಗೆ ಅವಳ ಕೈಯಲ್ಲಿದ್ದ ಕಾಗದಗಳೆಲ್ಲ ಅಂಗಳಕ್ಕೆ ಹಾರಿದವು. ಶಾಲೆಯ ಸುದ್ದಿ ಬಿಟ್ಟು ಕಾಗದದ ಹಿಂದೆ ಓಡಿದಳು.

ತಲೆ ಕೆಟ್ಟು ಮರುದಿನ ಮಿಸ್ತ್ರಿಯನ್ನು ಮತ್ತೆ ಕರೆಸಿದೆ. ಅವರು ಕಿಡಕಿಯ ಹೊರಗಿನಿಂದಲೇ ಕೂಗಿದರು, "ಸರ್, ಗಾಡಿ ಎಲ್ಲಿ ಹಚ್ಚಲಿ?"

ಮಟಮಟ ಮಧ್ಯಾಹ್ನದಲ್ಲಿ ಇಡೀ ಮನೆ ದೀಪಾವಳಿಯಂತೆ ಬೆಳಗಿತು. ಮಿಸ್ತ್ರಿ ಹೆಲ್ಮೆಟ್ ತೆಗೆದು ಒಳಗೆ ಬಂದರು.

"ಇದಕ್ಕ ಕನ್ನಡ ಬರಂಗಿಲ್ಲ ಏನ್ರಿ ಸಾಹೇಬ್ರ?" ಅಂತ ಕೇಳಿದೆ.

"ಬರ್ತೈತ್ರಿ ಸರ್" ಅಂದರು, "ನಮಗಿಂತಾ ಜಾಸ್ತಿ ಬರ್ತೈತಿ. ಅದಾ ತ್ರಾಸು."

ಧ್ಯಾನ

ದೇವರ ಮನೆಯಲ್ಲಿ ಮಾತ್ರ ಮಾತಿನ ಯಂತ್ರ ಬೇಡವೆಂದಳು ನನ್ನ ಹೆಂಡತಿ. ಅಲ್ಲಿ ದೀಪ "ಆರಿಸು" ಅನ್ನಬಾರದು, "ಶಾಂತ ಮಾಡು" ಅನ್ನಬೇಕು. ಆ ಡಬ್ಬಿಗೆ ಎಲ್ಲಿಯ ಶಾಂತ, ಎಲ್ಲಿಯ ಮಡಿ? ಅದಕ್ಕೆ ಮಿಸ್ತ್ರಿ ಅಲ್ಲೊಂದು ಕಣ್ಣು ಕೂಡಿಸಿದರು. ಮನುಷ್ಯರು ಅಲುಗಾಡಿದರೆ ಲೈಟು ಹತ್ತುತ್ತದೆ, ಅಲುಗಾಡದಿದ್ದರೆ ತಾನೇ ಶಾಂತವಾಗುತ್ತದೆ.

ನಾನು ಮುಂಜಾನೆ ಧ್ಯಾನಕ್ಕೆ ಕೂತೆ. ಕಣ್ಣು ಮುಚ್ಚಿ ಮನಸ್ಸು ನಿಲ್ಲಿಸಿದ್ದೇ ತಡ, ಕತ್ತಲೆ. ಕೈ ಬೀಸಿದೆ, ಬೆಳಕು. ಮತ್ತೆ ಮನಸ್ಸು ನಿಲ್ಲಿಸಿದೆ, ಮತ್ತೆ ಕತ್ತಲೆ. ದೇವರ ಮುಂದೆ ಒಂದೇ ಸಮ ಕೈ ಬೀಸುತ್ತ ಕೂತದ್ದನ್ನು ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ದೇವರಿಗೆ ಟಾಟಾ ಮಾಡಾಕತ್ತೀರೇನು?"

"ಇಲ್ಲ, ಈ ಯಂತ್ರಕ್ಕ ಧ್ಯಾನ ಯಾವುದು, ನಿದ್ದಿ ಯಾವುದು ತಿಳಿಯವಲ್ದು."

"ಪಾಪ, ಅದರದ್ದೇನು ತಪ್ಪು? ನಿಮ್ಮನ್ನ ನೋಡಿದ್ರ ನನಗೂ ತಿಳಿಯಂಗಿಲ್ಲ."

ಬಾದಾಮಿಯಲ್ಲಿ ಕೂತ ಯಜಮಾನ

ಒಂದು ಮದುವೆಗೆಂದು ನಾವಿಬ್ಬರೂ ಬಾದಾಮಿಗೆ ಹೋಗಿದ್ದೆವು. ಮದುವೆ ಮನೆಯಲ್ಲಿ ಕೂತಿದ್ದಾಗ ನನ್ನ ಫೋನು ಕಿಣಿಕಿಣಿ ಅಂದಿತು. ನಮ್ಮ ಮನೆಯ ಕರೆಗಂಟೆ ಒತ್ತಿದರೆ ನಾನು ಎಲ್ಲಿದ್ದರೂ ಬಂದವರ ಮುಖ ಫೋನಿನಲ್ಲಿ ಕಾಣುತ್ತದೆ, ಮಾತೂ ಆಡಬಹುದು. ನೋಡಿದರೆ ಗುಳೇದಗುಡ್ಡದಿಂದ ಕುಪ್ಪಸದ ಖಣ ಮಾರಲು ಬರುವ ಅಜ್ಜಿ, ತಲೆಯ ಮೇಲೆ ಗಂಟು.

"ಮನ್ಯಾಗ ಯಾರೂ ಇಲ್ಲವ್ವ" ಅಂದೆ ಫೋನಿನಲ್ಲಿ.

ಅಜ್ಜಿ ಆಕಡೆ ಈಕಡೆ ನೋಡಿದಳು. "ಯಾರೂ ಇಲ್ಲಂದ್ರ ಮತ್ತ ನೀ ಯಾರಪಾ?"

"ನಾ ಮನಿ ಯಜಮಾನ."

"ಹಂಗಾರ ಬಾಗಲಾ ತಗಿ."

"ನಾ ಬಾದಾಮ್ಯಾಗ ಅದೇನವ್ವ."

"ಗ್ವಾಡ್ಯಾಗ ಅಡಕೊಂಡು ಬಾದಾಮ್ಯಾಗ ಅದೇನಿ ಅಂತಿ? ಖಣ ಬ್ಯಾಡಂದ್ರ ಬ್ಯಾಡ ಅನ್ನು, ಸುಳ್ಳ್ಯಾಕ ಹೇಳ್ತಿ?"

"ಖರೇನ ಬೇ! ಇಲ್ಲಿಂದ ನಿನ್ನ ಮಾರಿ ಕಾಣಾಕತ್ತೈತಿ. ಹಸರ ಸೀರಿ ಉಟ್ಟಿ."

ಅಜ್ಜಿ ಸೀರೆ ನೋಡಿಕೊಂಡಳು. ಹೆದರಿ ಓಡುತ್ತಾಳೆ ಅಂದುಕೊಂಡೆ. ಅವಳು ಗಂಟು ಇಳಿಸಿದಳು. "ಸೀರಿ ಕಾಣ್ತೈತಂದ್ರ ಖಣಾನೂ ಕಾಣ್ತಾವ. ನೋಡು" ಅಂತ ಒಂದೊಂದೇ ಖಣ ಬಿಚ್ಚಿ ಕರೆಗಂಟೆಯ ಮುಂದೆ ಹಿಡಿಯತೊಡಗಿದಳು.

ಫೋನು ನನ್ನ ಕೈಯಲ್ಲಿ ಉಳಿಯಲಿಲ್ಲ. ಮದುವೆ ಮನೆಯ ಹೆಂಗಸರೆಲ್ಲ ಮುತ್ತಿಕೊಂಡರು. "ಆ ಕೆಂಪಂದು ತೋರಸವ್ವ, ಅಂಚು ಹೊಳ್ಳಿಸು" ಅಂತ ಇಲ್ಲಿಂದ ಕೂಗು, "ಇದಾ ಏನ್ ತಂಗಿ?" ಅಂತ ಅಲ್ಲಿಂದ ಉತ್ತರ. ಅಕ್ಷತೆ ಹಾಕಲು ಕರೆದರೂ ಒಬ್ಬರೂ ಏಳಲೊಲ್ಲರು. ಮದುಮಗಳ ತಾಯಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ವ್ಯಾಪಾರ ಮುಗಿಸಿ ಅಜ್ಜಿ ಗಂಟು ಕಟ್ಟಿಕೊಂಡು ನನ್ನನ್ನು ಹರಸಿದಳು: "ಭಾಳ ಚಲೋ ಮನಶಾ ಅದಿ. ಇನ್ನೂ ನಾಕ ದಿನಾ ಬಾದಾಮ್ಯಾಗ ಇರು. ಸೀರಿನೂ ತರ್ತೇನಿ."

ಬರ್ತೇವ್ರಿ

ಕಡೆಗೆ ಬೀಗರು ಬರುವ ದಿನ ಬಂತು. ನಾನು ಜಾಣತನದಿಂದ ಒಳಗಿನ ಡಬ್ಬಿಗಳನ್ನೆಲ್ಲ ಬಂದ್ ಮಾಡಿ, ಮುಂಬಾಗಿಲ ಹತ್ತಿರದ್ದು ಒಂದನ್ನೇ ಉಳಿಸಿದೆ. ಬೀಗರಿಗೆ ಒಂದಾದರೂ ಚಮತ್ಕಾರ ತೋರಿಸಬೇಕಲ್ಲ! ಅದಕ್ಕೆ ನನ್ನ ವ್ಯಾಕರಣವನ್ನೆಲ್ಲ ಧಾರೆ ಎರೆದಿದ್ದೆ. "ಬರು" ಧಾತುವಿನ ಯಾವ ರೂಪ ಕೇಳಿದರೂ ಗೇಟು ತೆರೆದು, ಲೈಟು ಹತ್ತಿ, ಸ್ವಾಗತ. "ಹೋಗು" ಧಾತುವಿನ ಯಾವ ರೂಪ ಕೇಳಿದರೂ ಲೈಟು ಆರಿ, ಗೇಟು ಬಂದ್.

ಸ್ವಾಗತಕ್ಕೆ ಡಬ್ಬಿಯ ಸ್ವಂತ ದನಿ "ಸುಸ್ವಾಗತ, ದಯವಿಟ್ಟು ಒಳಗೆ ಬನ್ನಿ" ಅನ್ನುತ್ತಿತ್ತು. "ಅಯ್ಯ, ದವಾಖಾನ್ಯಾಗ ಚೀಟಿ ಕೂಗಿದಂಗ ಆತು" ಅಂತ ನನ್ನ ಹೆಂಡತಿ ತನ್ನ ದನಿಯನ್ನೇ ತುಂಬಿಸಿದ್ದಳು: "ಬರ್ರಿ, ಬರ್ರಿ! ಭಾಳ ಚಲೋ ಆತು ಬಂದದ್ದು. ಕೂಡ್ರಿ, ಚಾ ಮಾಡ್ತೇನಿ!"

ಬೀಗರು ಬಂದರು. "ಬಂದೇವ್ರಿ" ಅಂದರು. ಗೇಟು ತೆರೆಯಿತು, ಒಳಗಿಂದ ನನ್ನ ಹೆಂಡತಿಯ ಪ್ರೀತಿಯ ದನಿ ಬಂತು. ಹೋಳಿಗೆ, ಎಣಗಾಯಿ, ಎಲ್ಲ ಸಾಂಗವಾಯಿತು. ಗೆದ್ದೆ ಅಂದುಕೊಂಡೆ. ನನ್ನ ಹೆಂಡತಿ ಕುಂಕುಮ ತರಲು ಒಳಗೆ ಹೋದಳು. ಬೀಗರು ಬಾಗಿಲ ತನಕ ಬಂದು ಕೈ ಮುಗಿದರು.

"ಹಂಗಾರ ಬರ್ತೇವ್ರಿ."

"ಬರ್ರಿ, ಬರ್ರಿ! ಭಾಳ ಚಲೋ ಆತು ಬಂದದ್ದು. ಕೂಡ್ರಿ, ಚಾ ಮಾಡ್ತೇನಿ!"

ಆಗ ಹೊಳೆಯಿತು. ನಮ್ಮಲ್ಲಿ ಹೋಗುವವರು ಯಾರೂ "ಹೋಗ್ತೇವಿ" ಅನ್ನುವುದಿಲ್ಲ. ಅದು ಅಶುಭ. ಹೋಗುವವರೂ "ಬರ್ತೇವಿ" ಎಂದೇ ಅನ್ನುತ್ತಾರೆ. ಇದು ಹುಟ್ಟಿದ ಮಗುವಿಗೂ ಗೊತ್ತು, ವ್ಯಾಕರಣದ ಮಾಸ್ತರನೊಬ್ಬನನ್ನು ಬಿಟ್ಟು.

ಬೀಗಿತ್ತಿ ಅಂದರು, "ಪಾಪ, ಚಾ ಇಟ್ಟಾರಂತ. ಇಷ್ಟು ಪ್ರೀತಿಲೆ ಕರದ್ರ ಹೆಂಗ ಬಿಟ್ಟು ನಡಿಯೂದು?" ಇಬ್ಬರೂ ಹೊಳ್ಳಿ ಬಂದು ಕೂತರು. ನನ್ನ ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಬಂದಳು, ಕೂತವರನ್ನು ನೋಡಿದಳು, ಹೋಗಿ ಚಹಾ ಇಟ್ಟಳು. ಕುಡಿದು ಎದ್ದರು. ಅವಳು ಕಪ್ಪು ಒಯ್ಯುವಷ್ಟರಲ್ಲಿ ಮತ್ತೆ "ಬರ್ತೇವ್ರಿ", ಮತ್ತೆ "ಬರ್ರಿ, ಬರ್ರಿ!" ಮತ್ತೆ ಕೂತರು. ಈ ಸಲ ಅವಳು ಉಪ್ಪಿಟ್ಟಿಗೆ ರವೆ ಹುರಿದಳು.

ಇವರು ಯಾಕೆ ಹೋಗವಲ್ರು ಅಂತ ಅವಳ ಮುಖ, ಇವರು ಯಾಕೆ ಬಿಡವಲ್ರು ಅಂತ ಅವರ ಮುಖ. ಕಾರಣ ಗೊತ್ತಿದ್ದವ ನಾನೊಬ್ಬನೇ, ಬಾಯಿ ಬಿಟ್ಟರೆ ಮರುದಿನ ಗುಜರಿ.

"ಬೀಗರ, ಒಮ್ಮೆ ‘ಹೋಗ್ತೇವಿ’ ಅನ್ರಲ್ಲ" ಅಂತ ಡಬ್ಬಿಗೆ ಕೇಳದಂತೆ ಮೆತ್ತಗೆ ಅಂದೆ.

"ಶಿವಶಿವಾ! ಸೊಸಿ ತವರಮನ್ಯಾಗ ನಿಂತು ಆಡೂ ಮಾತೇನ್ರಿ ಅದು?" ಅಂದರು ಬೀಗರು. ಕಡೆಗೆ ಬಸ್ಸಿಗೆ ಹತ್ತಿರದ ದಾರಿ ಅಂತ ಹೇಳಿ ಹಿತ್ತಲ ಬಾಗಿಲಿನಿಂದ ಸಾಗಹಾಕಿದೆ.

ನನ್ನಾಕೆಗೆ ಎಲ್ಲ ತಿಳಿಯದೇ ಇರುತ್ತದೆಯೇ? ಮರುದಿನ ಮುಂಜಾನೆ ಬಾಗಿಲ ಹತ್ತಿರ ಸ್ಟೂಲು ಹತ್ತಿ, ನನ್ನದೇ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದಳು. ಅಷ್ಟರಲ್ಲಿ ಬೀಗಿತ್ತಿಯ ಫೋನು. ನಾನು ದನಿ ದೊಡ್ಡದು ಮಾಡಿ ಅವಳ ಹತ್ತಿರ ಹಿಡಿದೆ.

"ಏನ್ರಿ ವೈನಿ, ನಾವು ಎದ್ದಂಗೆಲ್ಲ ಒಳಗಿಂದ ಕೂಗಿ ಕೂಗಿ ಕರದ್ರಲ್ಲ, ಅಂಥಾ ಅಂತಃಕರಣ ನಾ ಎಲ್ಲೂ ಕಂಡಿಲ್ಲ ನೋಡ್ರಿ. ಓಣಿಗೆಲ್ಲ ಹೇಳೇನಿ!"

ಸ್ಕ್ರೂಡ್ರೈವರ್ ನಿಂತಿತು. "ಅಯ್ಯ, ಅದೇನ ದೊಡ್ಡದು ಬಿಡ್ರಿ" ಅಂದಳು ನನ್ನಾಕೆ, ನಾಚಿಕೊಂಡು.

"ನಮ್ಮ ನೆಗೆಣ್ಣೆರು, ಮೈದುನರ ಹೆಂಡಂದ್ರು, ನಿಮ್ಮನ್ನ ನೋಡಬೇಕಂತಾರ. ಐತಾರ ಎಲ್ಲಾರೂ ಕೂಡಿ ಬರ್ತೇವಿ ಅಂದ್ರ..."

"ಬರ್ರಿ, ಬರ್ರಿ! ಭಾಳ ಚಲೋ ಆತು ಬಂದದ್ದು!" ಅಂದಿತು ಡಬ್ಬಿ, ಅವಳ ಕಿವಿಯ ಬುಡದಲ್ಲೇ.

"ಕೇಳಿದ್ರೇನು? ನಾ ಇನ್ನ ಪೂರಾ ಅಂದೇ ಇಲ್ಲ!" ಅಂತ ಬೀಗಿತ್ತಿ ಆ ಕಡೆ ಯಾರಿಗೋ ಹೇಳುತ್ತಲೇ ಫೋನು ಇಟ್ಟರು.

ನನ್ನಾಕೆ ಸ್ಟೂಲಿನಿಂದ ಇಳಿದಳು. ಈಗ ಡಬ್ಬಿ ಕೀಳುವಂತಿಲ್ಲ, ಅವಳ ಮಾನ ಅದರ ಬಾಯಲ್ಲಿದೆ. ಜೋಳದ ಚೀಲ ತಂದು ನನ್ನ ಹೆಗಲಿಗೇರಿಸಿ, "ಐತಾರದ ರೊಟ್ಟಿಗೆ ಹಿಟ್ಟು ಬೇಕು, ಗಿರಣಿಗೆ ಬೀಸಾಕ ಹೋಗಿ ಬರ್ರಿ" ಅಂದಳು.

"ಹೋಗಿ" ಕೇಳಿ ಗೇಟು ಮುಚ್ಚತೊಡಗಿತು, "ಬರ್ರಿ" ಕೇಳಿ ತೆರೆಯತೊಡಗಿತು, ಏನೂ ತಿಳಿಯದೆ ಅರ್ಧಕ್ಕೆ ನಿಂತಿತು. ನಾನು ಚೀಲ ಹೊತ್ತು ಆ ಸಂದಿಯಲ್ಲಿ ಅಡ್ಡಡ್ಡ ನುಸುಳುತ್ತಿದ್ದಾಗ ಬೆನ್ನ ಹಿಂದಿನಿಂದ ಹೆಂಡತಿಯ ದನಿ: "ಬರ್ರಿ, ಬರ್ರಿ! ಕೂಡ್ರಿ, ಚಾ ಮಾಡ್ತೇನಿ!"

ಹೊಳ್ಳಿ ನೋಡಲಿಲ್ಲ. ಅಷ್ಟು ಪ್ರೀತಿಯಿಂದ ಕರೆದದ್ದು ಡಬ್ಬಿಯೇ ಇರಬೇಕು.